ಮುಡಿಪಿನಲ್ಲಿದ್ದ ಶಿಲುಬೆ

ರೀಟಾ, ನಿನ್ನ ಅಮ್ಮನ ಶಿಲುಬೆಯನ್ನು ಯಾರೂ ಕರಗಿಸಲಿಲ್ಲ. ಇಷ್ಟು ವರ್ಷ ನಿನ್ನ ಕೊರಳಲ್ಲಿದ್ದ ತವರಿನ ತಾಳಿಬೊಟ್ಟಿನಲ್ಲಿ ನಿನ್ನ ತವರಿನ ಚಿನ್ನ ಗುಲಗಂಜಿಯಷ್ಟೂ ಇಲ್ಲ. ಶಿಲುಬೆ ಇದ್ದ ಹಾಗೇ ಇದೆ. ನನ್ನ ಹತ್ತಿರ ಇದೆ. ಅದನ್ನು ಬಚ್ಚಿಟ್ಟವಳು ನಾನು. ಬೇರೆ ಚಿನ್ನ ಕೊಟ್ಟು ಬೊಟ್ಟು ಮಾಡಿಸಿ, ಇದು ನಿನ್ನಮ್ಮಂದೇ ಎಂದು ನಿನ್ನ ಅಂಗೈಗೆ ಇಟ್ಟವಳೂ ನಾನು.

ಬರೆದುಬಿಟ್ಟೆ. ಇನ್ನು ಇದನ್ನು ಅಳಿಸಲಾರೆ.

ನಿನ್ನನ್ನು ರೀಟಾ ಎಂದು ಕರೆಯುತ್ತಿರುವುದೂ ಇದೇ ಮೊದಲು. ನನ್ನ ತಮ್ಮ ಮಾದೇವನ ಕೈ ಹಿಡಿದು ಕೊಪ್ಪದ ನಮ್ಮ ಮನೆಯ ಹೊಸ್ತಿಲು ದಾಟಿದ ದಿನವೇ ನಿನಗೆ ರತ್ನ ಎಂದು ಹೆಸರಿಟ್ಟೆವು. ನೀನು ತಕರಾರು ಮಾಡಲಿಲ್ಲ. ‘ಎರಡೂ ರಕಾರವೇ ಅಲ್ವಾ ಅಕ್ಕ’ ಅಂದೆ, ನಕ್ಕೆ. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟವಳ ಹತ್ತಿರ ಇನ್ನೂ ಏನೇನು ಕಿತ್ತುಕೊಳ್ಳಬಹುದು ಎಂದು ಜನ ನೋಡುತ್ತಾರೆ — ನಾವೂ ನೋಡಿದೆವು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ತಾಳಿಕೋ. ನಿನಗೆ ಗೊತ್ತಿಲ್ಲದ್ದು ಅದರ ಒಳಗೇ ಇದೆ.

ಮಾದೇವ ಬ್ಲಫಿನ ಕರೆಂಟಿನ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದ. ನಿನ್ನ ಅಪ್ಪ ಅದೇ ಪವರ್‌ಹೌಸಿನಲ್ಲಿ ಫಿಟ್ಟರು. ನಿನ್ನ ಅಮ್ಮ ನೀನು ಓದುತ್ತಿದ್ದಾಗಲೇ ತೀರಿಕೊಂಡಿದ್ದರು. ಅವರ ಕೊರಳಿಂದ ತೆಗೆದ ಶಿಲುಬೆಯನ್ನು ನಿನ್ನ ಅಪ್ಪ ಆವತ್ತೇ ನಿನ್ನ ಕೊರಳಿಗೆ ಹಾಕಿದ್ದರಂತೆ. ಅದೇ ಅಪ್ಪ, ಚರ್ಚಿನ ಹೊರಗೆ ಮದುವೆಯಾದರೆ ಇತ್ತ ತಲೆ ಹಾಕಬೇಡ ಅಂದರು. ಇತ್ತ ನಮ್ಮವ್ವ ಅನ್ನ ನೀರು ಬಿಟ್ಟು ಮಲಗಿದಳು. ಕೊನೆಗೆ ಬಾಯಿ ಬಿಟ್ಟವನು ನಮ್ಮಪ್ಪ. ಸೊಸೆ ಬರಲಿ, ಆದರೆ ಧಾರೆ ನಮ್ಮ ಅಂಗಳದಲ್ಲಿ, ತಾಳಿ ನಮ್ಮ ರೀತಿಯದ್ದು ಎಂದ. ನೀನು ಒಪ್ಪಿದೆ. ಹೆಸರಿಗೆ ಒಪ್ಪಿದೆ, ಕುಂಕುಮಕ್ಕೆ ಒಪ್ಪಿದೆ, ಭಾನುವಾರದ ಚರ್ಚಿನ ಪೂಜೆ ಬಿಡುವುದಕ್ಕೂ ಒಪ್ಪಿದೆ. ನಮ್ಮ ಚಿಕ್ಕತ್ತೆ ನಿನ್ನನ್ನು ಕೆಣಕಲೆಂದೇ, ನಿಮ್ ದೇವ್ರು ಮುದ್ದೆ ಉಣ್ತಾನಾ ಅಂತ ಕೇಳಿದಾಗ, ‘ಉಣ್ತಾನೆ ಅತ್ತೆ, ನೀವು ಕೊಡ್ಬೇಕಷ್ಟೆ’ ಅಂದಿದ್ದೆ. ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದರು. ನಮ್ಮವ್ವನೂ ನಗಲಿಕ್ಕೆ ಹೋಗಿ ಮುಖ ತಿರುಗಿಸಿಕೊಂಡದ್ದನ್ನು ನಾನು ನೋಡಿದ್ದೆ.

ಆಮೇಲೆ ಬೊಟ್ಟಿನ ಮಾತು ಬಂತು. ನಮ್ಮ ಕಡೆ ತಾಳಿಗೆ ಎರಡು ಬೊಟ್ಟು — ಒಂದು ಗಂಡಿನ ಮನೆಯದ್ದು, ಇನ್ನೊಂದು ಹೆಣ್ಣಿನ ತವರು ಮಾಡಿಸಿ ತರುವುದು. ಒಂದೇ ಬೊಟ್ಟು ಕಟ್ಟಿಸಿಕೊಂಡವಳು ಹಿಂದೆ ಮುಂದೆ ಯಾರೂ ಇಲ್ಲದವಳು. ನಿನ್ನ ಅಪ್ಪನಂತೂ ತರುವ ಹಾಗಿರಲಿಲ್ಲ. ಎರಡನ್ನೂ ನಾವೇ ಮಾಡಿಸಿದರಾಯಿತು ಬುಡಿ ಎಂದು ಚಿಕ್ಕತ್ತೆ ಅನ್ನುತ್ತಿದ್ದ ಹಾಗೇ ನೀನು ಕೊರಳಿಗೆ ಕೈ ಹಾಕಿ, ಸರವನ್ನು ತಲೆಯ ಮೇಲಿಂದ ತೆಗೆದು, ಆ ಶಿಲುಬೆಯನ್ನು ನಮ್ಮಪ್ಪನ ಮುಂದೆ ಹಿಡಿದೆ.

‘ನಂಗೆ ತವರು ಅಂತ ಇರೋದು ಇದೊಂದೇ ಮಾವ. ಇದನ್ನೇ ಕರಗ್ಸಿ ಬೊಟ್ಟು ಮಾಡ್ಸಿ. ಶಿಲುಬೆಯಾಗಿ ಬೇಡ ಅಂದ್ರೆ ಬೇಡ. ಚಿನ್ನವಾಗಿ ಆದ್ರೂ ನಮ್ಮಮ್ಮ ನನ್ ಜೊತೇಲಿ ಇರ್ಲಿ.’

ನೀನು ನಮ್ಮ ಮನೆಯಲ್ಲಿ ಬೇಡಿದ್ದು ಅದೊಂದನ್ನೇ. ಮೊದಲೂ ಇಲ್ಲ, ಆಮೇಲೂ ಇಲ್ಲ. ನಮ್ಮಪ್ಪನ ಕಣ್ಣಲ್ಲಿ ನೀರಾಡಿತು. ಆಗಲಿ ಎಂದು ತಲೆ ಆಡಿಸಿ, ಯಲಿಯೂರಿನ ಗಂಡನ ಮನೆಯಿಂದ ಮದುವೆ ಕೆಲಸಕ್ಕೆಂದು ಬಂದಿದ್ದ ಹಿರಿ ಮಗಳ ಕೈಗೆ — ನನ್ನ ಕೈಗೆ — ಅದನ್ನು ಕೊಟ್ಟ. ಮದ್ದೂರಿನ ಆಚಾರಿ ಹತ್ತಿರ ಮಾಡಿಸಿಕೊಂಡು ಬಾ ಅಂದ.

ನಮ್ಮವ್ವ ನನ್ನನ್ನು ಹಿತ್ತಲಿಗೆ ಕರೆದಳು. ಒರಳುಕಲ್ಲಿನ ಪಕ್ಕ ನಿಂತು, ಸೆರಗಿನ ತುದಿಯ ಗಂಟು ಬಿಚ್ಚಿ, ಜೊತೆಯದ್ದು ಎಂದೋ ಕಳೆದುಹೋಗಿದ್ದ ತನ್ನ ಒಂಟಿ ಬುಗುಡಿಯನ್ನು ನನ್ನ ಕೈಗೆ ಹಾಕಿದಳು. ಕಿವಿಯ ಮೇಲ್ಗಡೆ ಹಾಕಿಕೊಳ್ಳುವ ಆ ಹಳೇ ಒಡವೆ ಅವಳ ತಾಯಿಯದ್ದು.

‘ಆ ಸಿಲ್ಬೆ ಚಿನ್ನ ನನ್ ಮಗನ್ ಆಯಸ್ಸಿನ್ ಮೇಲೆ ಕುಂತ್ಕಬಾರ್ದು ಕಣಮ್ಮ. ಇದ್ರಲ್ಲಿ ಮಾಡ್ಸು. ಅದನ್ನ ಏನ್ ಮಾಡ್ತೀಯೋ ನಂಗೇಳ್ಬೇಡ.’

ತಾಯಿ ಹೇಳಿದಳು, ಮಗಳು ಮಾಡಿದಳು — ಕಥೆ ಅಷ್ಟೇ ಆಗಿದ್ದರೆ ಪಾಪದಲ್ಲಿ ಪಾಲು ಹಂಚಿಕೊಳ್ಳಬಹುದಿತ್ತು. ಅಷ್ಟೇ ಅಲ್ಲ. ಮುಂದೆ ಕೇಳು.

ಮದ್ದೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಂಗೈ ಬಿಚ್ಚಿದೆ. ಅದುವರೆಗೆ ನಾನು ಶಿಲುಬೆಯನ್ನು ಅಷ್ಟು ಹತ್ತಿರದಿಂದ ಕಂಡವಳಲ್ಲ. ಎರಡು ಕಡ್ಡಿ ಅಡ್ಡ ಇಟ್ಟ ಹಾಗೆ ಇರುತ್ತದೆ ಅಂದುಕೊಂಡಿದ್ದೆ. ಇದು ಹಾಗಿರಲಿಲ್ಲ. ಮೇಲಿನ ತುದಿಯಲ್ಲೂ ಎರಡು ತೋಳುಗಳ ತುದಿಯಲ್ಲೂ ಭತ್ತದ ತೆನೆ — ಕಾಳು ಕಾಳಾಗಿ ಬಿಡಿಸಿದ್ದು, ತೂಕಕ್ಕೆ ತುಸು ಬಾಗಿದ್ದು. ಕೆಳಗಿನ ತುದಿಯಲ್ಲಿ ಬಿರಿಯದ ತಾವರೆ ಮೊಗ್ಗು. ತಿರುಗಿಸಿದೆ. ಹಿಂಬದಿಯಲ್ಲಿ, ಮೈಗೆ ತಾಗುವ ಕಡೆ, ಉಜ್ಜಿ ಉಜ್ಜಿ ಅರ್ಧ ಮಾಸಿದ ಸಣ್ಣ ಸೂರ್ಯ, ಸಣ್ಣ ಚಂದ್ರ.

ಅವು ನನಗೆ ಗೊತ್ತಿದ್ದ ಸೂರ್ಯ ಚಂದ್ರರು, ರೀಟಾ. ನಮ್ಮವ್ವನ ತಾಳಿಯಲ್ಲಿದ್ದವರು. ಕೊಪ್ಪದ ಕೆರೆ ಏರಿಯ ಮೇಲೆ ವಾಲಿಕೊಂಡು ನಿಂತ ಹಳೇ ಕಲ್ಲಿನ ನೆತ್ತಿಯಲ್ಲಿ ಇದ್ದವರು. ನನಗೆ ಮಾತು ಕಲಿಸಿದವಳು ನಮ್ಮ ಅಜ್ಜಿ. ಆ ಕಲ್ಲನ್ನು ತೋರಿಸಿ ಹೇಳುತ್ತಿದ್ದಳು — ಇವರಿಬ್ಬರನ್ನು ಕೆತ್ತಿ ಕೊಟ್ಟ ಮಾತು ಇವರಿಬ್ಬರೂ ಇರುವ ತನಕ ನಿಲ್ಲಬೇಕು ಕಣೆ, ಮುರಿದವರ ವಂಶ ಉಳಿಯಾಕಿಲ್ಲ ಅಂತ. ನಿಮ್ಮ ಮಳವಳ್ಳಿ ಕಡೆಯ ಯಾವ ಕಾಲದ ಆಚಾರಿಯೋ ಏನೋ. ನಿನ್ನ ಅಜ್ಜಿಯೋ ಅವರ ತಾಯಿಯೋ ಹೋಗಿ, ನಮಗೊಂದು ಶಿಲುಬೆ ಮಾಡಿಕೊಡಪ್ಪ ಎಂದಿರಬೇಕು. ಅವನು ಶಿಲುಬೆ ಕಂಡವನಲ್ಲ. ಕೈಗೆ ಗೊತ್ತಿದ್ದದ್ದನ್ನೆಲ್ಲ ಅದಕ್ಕೆ ಹಾಕಿದ್ದ — ಗದ್ದೆಯ ತೆನೆ, ಕೆರೆಯ ತಾವರೆ, ತಾಳಿಯ ಸೂರ್ಯ ಚಂದ್ರ. ಆ ಹೆಣ್ಣುಮಗಳೂ ಇದು ನಮ್ಮದಲ್ಲ ಅನ್ನದೆ ಕೊರಳಿಗೆ ಹಾಕಿಕೊಂಡು ಹೋಗಿದ್ದಳು.

ಹೀಗಾಗಿ, ಅದು ಪರರ ದೇವರ ವಸ್ತು ಎಂದು ಹೆದರಿದೆ ಅಂತ ನಾನು ಹೇಳುವ ಹಾಗಿಲ್ಲ. ಬಸ್ಸು ಮದ್ದೂರು ಮುಟ್ಟುವ ಮುಂಚೆಯೇ ನನಗೆ ಗೊತ್ತಾಗಿತ್ತು — ಅದು ನಮ್ಮ ಮಣ್ಣಿನದ್ದೇ. ವಾಪಸು ಹೋಗಿ ನಮ್ಮವ್ವನಿಗೆ ಅದರ ಬೆನ್ನು ತಿರುಗಿಸಿ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಯಾಕೆ ಅಂದರೆ — ಎಷ್ಟು ಕೆದಕಿದರೂ ನನಗೆ ಸಿಗುವ ಉತ್ತರ ಒಂದೇ. ಆ ಮನೆಯಲ್ಲಿ ಅವ್ವನ ಗುಟ್ಟು ಹೊತ್ತ ಮಗಳಾಗಿರುವುದು ನನಗೆ ಹಿತವಾಗಿತ್ತು. ಮದುವೆಯಾಗಿ ಹೊರಗಿನವಳಾದ ಮೇಲೆ ಮೊದಲ ಸಲ ಅವಳು ನನ್ನನ್ನು ಹಿತ್ತಲಿಗೆ ಕರೆದಿದ್ದಳು.

ಆಚಾರಿ ಕುಲುಮೆಯ ಮುಂದಿಂದ ತಲೆ ಎತ್ತಿ, ಯಾವ್ದಮ್ಮ ಕರಗ್ಸೋದು ಅಂದ. ಎರಡೂ ನನ್ನ ಅಂಗೈಯಲ್ಲಿದ್ದವು. ಬುಗುಡಿಯನ್ನು ಇಟ್ಟೆ. ಅದು ಮೂಸೆಯೊಳಗೆ ಮೊದಲು ಕೆಂಪಾಗಿ, ಆಮೇಲೆ ಕುಗ್ಗಿ, ನೀರಾಗುವುದನ್ನು ಕಣ್ಣು ಮಿಟುಕಿಸದೆ ನೋಡಿದೆ.

ಇನ್ನು ಶಿಲುಬೆ. ಚಿನ್ನ, ಎಸೆಯಲಾರೆ. ಮಾರಲಾರೆ, ಅಷ್ಟು ಕೆಟ್ಟವಳಲ್ಲ ನಾನು ಅಂದುಕೊಂಡಿದ್ದೆ. ಗಂಡನ ಮನೆಗೆ ಒಯ್ದರೆ ಎಲ್ಲಿಯದು ಅನ್ನುತ್ತಾರೆ. ಕೊನೆಗೆ ನಮ್ಮ ಜನಕ್ಕೆ ಮಾತ್ರ ಹೊಳೆಯುವಂಥ ಉಪಾಯ ಹೊಳೆಯಿತು. ಬಿಳೀ ಬಟ್ಟೆಯ ತುಂಡನ್ನು ಅರಿಶಿನದ ನೀರಿನಲ್ಲಿ ಅದ್ದಿ, ಶಿಲುಬೆಯನ್ನು ಅದರಲ್ಲಿಟ್ಟು ಗಂಟು ಹಾಕಿ, ಕೊಪ್ಪದ ಮನೆಯ ದೇವರ ಗೂಡಿನ ಮೇಲಿನ ಮೊಳೆಗೆ ಮುಡಿಪು ಎಂದು ಕಟ್ಟಿದೆ. ಮಾದೇವನ ಸಂಸಾರ ಚೆನ್ನಾಗಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತಿದ್ದೇನೆ ಅಂದೆ. ಮುಡಿಪು ದೇವರಿಗೆ ಮುಟ್ಟುವ ತನಕ ಯಾರೂ ಬಿಚ್ಚುವುದಿಲ್ಲ, ಒಳಗೇನಿದೆ ಎಂದು ಕೇಳುವುದೂ ಇಲ್ಲ. ಕಳ್ಳನೂ ಮುಟ್ಟುವುದಿಲ್ಲ. ಬೀಗವಿಲ್ಲದೆ ಭದ್ರವಾಗಿರುವ ಜಾಗ ನಮ್ಮ ಮನೆಗಳಲ್ಲಿ ಅದೊಂದೇ.

ಮಾರನೇ ದಿನ ಬೊಟ್ಟನ್ನು ನಿನ್ನ ಕೈಗೆ ಕೊಟ್ಟೆ. ನೀನು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡೆ. ‘ಬೆಚ್ಚಗಿದೆ ಅಕ್ಕ’ ಅಂದೆ. ನನ್ನ ಮುಷ್ಟಿಯ ಬಿಸಿ ಅದು.

ಮುಂದಿನದನ್ನೂ ಕೇಳು. ಆ ದೇವರ ಗೂಡಿಗೆ ದಿನಾ ಸಂಜೆ ದೀಪ ಹಚ್ಚಿದವಳು ನೀನು. ನಿನ್ನ ಪ್ರಾರ್ಥನೆಯನ್ನು ಬಿಟ್ಟು, ನಮ್ಮ ದೇವರ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು, ನಿನ್ನ ಅಮ್ಮನ ಶಿಲುಬೆ ನೇತಾಡುವ ಮೊಳೆಯ ಕೆಳಗೆ ನಿಂತು ಕೈ ಮುಗಿದೆ — ವರ್ಷಗಟ್ಟಲೆ. ನಿನಗೆ ಗೊತ್ತಿರಲಿಲ್ಲ. ನಾನು ಹಬ್ಬಕ್ಕೆ ಬಂದಾಗಲೆಲ್ಲ ನಿನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ.

ಒಂದು ಸಲ ಯುಗಾದಿಗೆ ಸುಣ್ಣ ಬಳಿಯುವಾಗ ನೀನು ಮುಡಿಪನ್ನು ಕೆಳಗಿಳಿಸಿ, ಬಟ್ಟೆ ಮಾಸಿದೆ, ಹೊಸದು ಕಟ್ಟುತ್ತೇನೆ ಅಂದೆ. ಮುಡಿಪಿನ ಗಂಟಿಗೆ ಕೈ ಹಾಕಬಾರದು ಅನ್ನುವಷ್ಟೂ ಗೊತ್ತಿಲ್ಲವಾ ಎಂದು ನಾನು ನಿನ್ನ ಮೇಲೆ ಹರಿಹಾಯ್ದೆ. ‘ನಿನ್ ಕಡೆ ಇವೆಲ್ಲ ಇಲ್ಲ, ನಿಂಗೆಲ್ ತಿಳೀಬೇಕು’ ಅಂದುಬಿಟ್ಟೆ. ನೀನು ಹೋಗಿ ಹಳದಿ ಬಟ್ಟೆಯ ಚೌಕ ತಂದು, ಹಳೇ ಗಂಟನ್ನು ಬಿಚ್ಚದೆ, ಅದರ ಮೇಲೇ ಸುತ್ತಿ ಕಟ್ಟಿ ಮೊಳೆಗೆ ತೂಗುಹಾಕಿದೆ. ನಾನು ಅಂದ ಆ ಮಾತಿಗೂ ನಿನ್ನ ಹತ್ತಿರ ಎಂದೂ ತಪ್ಪಾಯಿತು ಅನ್ನಲಿಲ್ಲ.

ಮಾದೇವ ಹೋದ. ನಲವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ. ಗದ್ದೆ ಬದುವಿನ ಮೇಲೆ ಕೂತವನು ಏಳಲಿಲ್ಲ. ನಿನ್ನ ಕೊರಳಲ್ಲಿ ಶಿಲುಬೆಯ ಚಿನ್ನ ಇರಲೇ ಇಲ್ಲ — ಆದರೂ ಹೋದ. ಇದು ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ, ನಮ್ಮವ್ವ ಮತ್ತು ನಾನು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತಿಥಿಯ ದಿನ ಹೆಂಗಸರು ನಿನ್ನನ್ನು ನಡುಮನೆಯಲ್ಲಿ ಕೂರಿಸಿದರು. ಬಳೆ ಒಡೆದರು, ಸುಮ್ಮನಿದ್ದೆ. ಗಂಡನ ಮನೆಯ ಬೊಟ್ಟನ್ನು ದಾರದಿಂದ ಜಾರಿಸಿಕೊಂಡರು, ಸುಮ್ಮನಿದ್ದೆ. ಇನ್ನೊಂದಕ್ಕೆ ಚಿಕ್ಕತ್ತೆ ಕೈ ಹಾಕಿದಾಗ ನೀನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಬಿಡಿಸಲು ನೋಡಿದರು. ನೀನು ಬಿಡಲಿಲ್ಲ. ಗಂಡ ಓದ್ಮೇಲೂ ತಾಳಿ ಬೇಕಾ ಇವಳಿಗೆ ಎಂದು ಯಾರೋ ಅಂದರು. ನೀನು ಅಳುತ್ತಿರಲಿಲ್ಲ. ಗುಂಪಿನಲ್ಲಿ ನನ್ನನ್ನು ಹುಡುಕಿದೆ.

‘ಇದು ತಾಳಿ ಅಲ್ಲ, ನಮ್ಮಮ್ಮ. ಅಕ್ಕಾ, ನೀವು ಹೇಳಿ. ಆಚಾರಿ ಹತ್ರ ತಗೊಂಡೋದೋರು ನೀವೇ ಅಲ್ವಾ? ನೀವು ಹೇಳಿದ್ರೆ ನಂಬ್ತಾರೆ.’

ಎಲ್ಲರೂ ನನ್ನ ಕಡೆ ತಿರುಗಿದರು. ದೇವರ ಗೂಡಿನ ಮೊಳೆ ನನ್ನ ತಲೆಯ ಮೇಲೇ ಇತ್ತು. ಕೈ ಎತ್ತಿದ್ದರೆ ಮುಡಿಪು ಸಿಗುತ್ತಿತ್ತು. ಬಿಚ್ಚಿ, ತಗೋ ಇದು ನಿನ್ನಮ್ಮ, ಆ ಬೊಟ್ಟು ಬಿಟ್ಟುಬಿಡು ತಾಯಿ ಎಂದಿದ್ದರೆ — ಶಿಲುಬೆಯನ್ನು ತಾಳಿ ಎಂದು ಯಾವ ಹೆಂಗಸೂ ಕೀಳಲು ಬರುತ್ತಿರಲಿಲ್ಲ. ನಿನಗೆ ಅಮ್ಮನೂ ಉಳಿಯುತ್ತಿದ್ದಳು, ಮನೆಯೂ ಉಳಿಯುತ್ತಿತ್ತು. ಅಷ್ಟು ಹತ್ತಿರ ಇತ್ತು.

‘ಹೂಂ. ಅವಳಮ್ಮಂದೇ ಅದು. ನಾನೇ ನಿಂತು ಮಾಡ್ಸಿದ್ದು’ ಅಂದೆ.

ಮೊದಲ ಸಲ ಸುಳ್ಳು ಹೇಳಿದಾಗ ಬೊಟ್ಟು ಕೈಗಿಟ್ಟು ಹೇಳಿದ್ದೆ, ಅದು ಮೋಸ. ಈ ಸಲ ಸಾಕ್ಷಿ ಹೇಳಿದೆ. ನೀನು ನನ್ನ ಹೆಗಲ ಮೇಲೆ ಬಿದ್ದು ಆಗ ಅತ್ತೆ — ಹನ್ನೊಂದು ದಿನ ತಡೆದದ್ದನ್ನೆಲ್ಲ. ಗಂಡನ ಅಕ್ಕ ಅಂದರೆ ಹೀಗಿರಬೇಕು, ನ್ಯಾಯವಾಗಿ ಮಾತಾಡಿದಳು ಎಂದು ಹೆಂಗಸರು ಅಂದುಕೊಂಡರು. ನನಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆ. ನಿನ್ನ ಕಣ್ಣೀರು ನನ್ನ ಕುಪ್ಪಸಕ್ಕೆ ಇಳಿಯುತ್ತಿದ್ದಾಗಲೇ.

ಬೊಟ್ಟು ಉಳಿಯಿತು, ಊರು ಉಳಿಯಲಿಲ್ಲ. ಗಂಡ ಸತ್ತರೂ ತಾಳಿ ತೆಗೆಯದವಳು ಎಂಬ ಮಾತು ಬೀದಿಯ ತುಂಬ ಹಬ್ಬಿತು. ನಮ್ಮ ದಾಯಾದಿಯೊಬ್ಬ ಕಾಯಿಲೆ ಬಿದ್ದರೆ ಅದಕ್ಕೂ ನಿನ್ನ ಕೊರಳೇ ಕಾರಣ. ನೀನು ಅದನ್ನು ಬಿಚ್ಚಿಟ್ಟು ಮನೆಯಲ್ಲಿರಬಹುದಿತ್ತು. ಅಮ್ಮನನ್ನು ಬಿಚ್ಚಿಡುವುದು ಹೇಗೆ ಎಂದು, ಮಗಳು ಅನಿತಾಳ ಕೈ ಹಿಡಿದುಕೊಂಡು, ಮಳವಳ್ಳಿಗೆ ಹೋಗಿ ಬಾಡಿಗೆ ಮನೆ ಹಿಡಿದು, ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರಾದೆ. ನೀನು ಮನೆ ಬಿಟ್ಟದ್ದು ನಮ್ಮವ್ವನ ಒಂಟಿ ಬುಗುಡಿಗಾಗಿ, ರೀಟಾ. ನಿನ್ನನ್ನು ಮನಸ್ಸಿನೊಳಗೆ ಬಿಟ್ಟುಕೊಳ್ಳದ ಹೆಂಗಸಿನ ಚಿನ್ನಕ್ಕಾಗಿ.

ಅವಳಾದರೂ ಕೊನೆಗೆ ಕರಗಿದಳು. ಹಾಸಿಗೆ ಹಿಡಿದಾಗ ನಾನು ಗಂಜಿ ಕುಡಿಸುತ್ತಿದ್ದೆ. ಅವಳ ಕಣ್ಣು ದೇವರ ಗೂಡಿನ ಕಡೆಗಿತ್ತು. ಒಳಗೇನಿದೆ ಎಂದು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

‘ಆ ಮುಡುಪು ಅವಳ್ಗೆ ಕೊಟ್ಬುಡು. ದೇವ್ರದಲ್ಲ ಅದು.’

ಅದೊಂದೇ ಮಾತು. ನಾಕು ದಿನಕ್ಕೆ ಹೋದಳು. ಆವತ್ತಿನಿಂದ ಈ ಪಾಪ ನನ್ನೊಬ್ಬಳದೇ. ತಾಯಿಯ ಮಾತಿಗೆ ಬಚ್ಚಿಟ್ಟೆ ಅನ್ನುವವಳು ತಾಯಿಯ ಮಾತಿಗೆ ಕೊಡಬೇಕಿತ್ತಲ್ಲ? ಕೊಡಲಿಲ್ಲ. ಮುಡಿಪನ್ನು ಯಲಿಯೂರಿಗೆ ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಒಮ್ಮೆ ಮನೆದೇವರ ಗುಡಿಯ ಹುಂಡಿಯ ಮುಂದೆ ಹಿಡಿದುಕೊಂಡು ನಿಂತೆ, ಹಾಕಿದರೆ ಮುಗಿಯಿತು ಎಂದು. ಹಿಂದೆ ಸಾಲಿನಲ್ಲಿದ್ದವರು, ಬೇಗ ಆಕಮ್ಮ ಅಂದರು. ಹಾಕಲಾಗಲಿಲ್ಲ. ನಿನಗೆ ಕೊಡಲೂ ಆಗಲಿಲ್ಲ. ಮಳವಳ್ಳಿಗೆ ಬಂದಾಗಲೆಲ್ಲ ನೀನು ಹುರುಳಿ ಬಸ್ಸಾರು ಮಾಡಿ ಪಕ್ಕದಲ್ಲಿ ಕೂತು ಬಡಿಸಿ, ಅಕ್ಕ ಒಂದು ಕಥೆ ಹೇಳಿ ಅನ್ನುತ್ತಿದ್ದೆ. ನಾನು ಹೇಳುತ್ತಿದ್ದೆ. ಅಜ್ಜಿಯ ಕಥೆ, ಕೆರೆಯ ಕಥೆ, ದೆವ್ವದ ಕಥೆ — ಇದೊಂದನ್ನು ಬಿಟ್ಟು. ನನ್ನನ್ನು ಹೀಗೆ ನಂಬುವವಳು ಭೂಮಿಯ ಮೇಲೆ ಇನ್ನೊಬ್ಬಳಿಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ನಿನ್ನ ವಸ್ತುವನ್ನು ಇಟ್ಟುಕೊಂಡೇ ನಿನ್ನ ನಂಬಿಕೆಯನ್ನೂ ಉಣ್ಣುತ್ತಾ ಬಂದೆ.

ಈಗ ಅನಿತಾಳ ಮದುವೆ. ಮಂಡ್ಯದ ಆಸ್ಪತ್ರೆಯಲ್ಲಿ ನರ್ಸಾಗಿರುವವಳು ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಒಪ್ಪಿ, ಚರ್ಚಿನಲ್ಲೇ ಮದುವೆಯಾಗುತ್ತೇನೆ, ಅಜ್ಜಿಯ ಶಿಲುಬೆ ಹೇಗಿತ್ತೋ ಹಾಗೇ ನನಗೊಂದು ಬೇಕು ಅಂದಳು. ನೀನು ನನ್ನನ್ನು ಮಳವಳ್ಳಿಯ ಚಿನ್ನದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಮೊಬೈಲಿನಲ್ಲಿ ರಾಶಿ ಶಿಲುಬೆ ತೋರಿಸಿದ — ಕಲ್ಲಿನವು, ಟೊಳ್ಳಿನವು, ಎಲ್ಲಿ ಬೇಕಾದರೂ ಸಿಗುವಂಥವು. ನೀನು ಬೇಡ ಅಂದೆ. ನಿನ್ನ ಅಮ್ಮನ ಫೋಟೋ ಇಟ್ಟೆ. ಅದರಲ್ಲಿ ಕೊರಳ ಹತ್ತಿರ ಒಂದು ಮಿಂಚು ಬಿಟ್ಟರೆ ಏನೂ ಕಾಣದು. ಆಮೇಲೆ ಕೊರಳಿಗೆ ಕೈ ಹಾಕಿ — ತಿಥಿಯ ದಿನ ಹತ್ತು ಹೆಂಗಸರಿಗೆ ಬಿಟ್ಟುಕೊಡದ ಆ ಬೊಟ್ಟನ್ನು — ನೀನಾಗಿಯೇ ಬಿಚ್ಚಿ ಅವನ ತಟ್ಟೆಯಲ್ಲಿಟ್ಟೆ. ಇದೇ ಚಿನ್ನ, ಇದನ್ನು ಮತ್ತೆ ಶಿಲುಬೆ ಮಾಡಿಕೊಡಿ, ತುದಿಗಳು ಹೇಗಿದ್ದವು ಎಂದು ನಮ್ಮಕ್ಕ ಹೇಳುತ್ತಾರೆ, ಕೊನೆಗೆ ನೋಡಿದವರು ಅವರೇ ಅಂದೆ.

ನನ್ನ ಮುಂದೆ ಪೆನ್ಸಿಲು ಬಂತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ತೆನೆ ಬರೆದೆ, ಯಾವ ಕಡೆ ಬಾಗಿತ್ತೋ ಆ ಕಡೆ ಬಾಗಿಸಿ. ಮೊಗ್ಗು ಬರೆದೆ. ಕಾಗದ ತಿರುಗಿಸಿ ಬೆನ್ನಿಗೆ ಸೂರ್ಯನನ್ನೂ ಚಂದ್ರನನ್ನೂ ಬರೆದೆ. ನೀನು ಬಗ್ಗಿ ನೋಡಿದೆ. ಹಿಂದೆ ಅವು ಇದ್ದದ್ದು ನಿನಗೇ ಗೊತ್ತಿರಲಿಲ್ಲ.

‘ನಾನು ಒಂದಿನವೂ ತಿರುಗ್ಸಿ ನೋಡಿಲ್ಲ ಅಕ್ಕ. ಎಷ್ಟು ಪ್ರೀತಿಯಿಂದ ನೋಡಿದ್ದೀರಿ ನೀವು’ ಅಂದೆ. ನನ್ನ ಕೈ ಹಿಡಿದುಕೊಂಡೆ.

ಆಮೇಲೆ ಎಷ್ಟು ಸಲವೋ ಫೋನು ಕೈಗೆತ್ತಿಕೊಂಡು ನಿನ್ನ ಹೆಸರು ಒತ್ತಿ, ನೀನು ಅಕ್ಕ ಅಂದ ಕೂಡಲೇ ಮದುವೆ ಸೀರೆಯ ಮಾತಾಡಿ ಇಟ್ಟಿದ್ದೇನೆ. ನಿನ್ನೆ ಬೆಳಗ್ಗೆ ಇನ್ನೂ ನೀಚವಾದ ಕೆಲಸಕ್ಕೆ ಹೊರಟೆ. ನಿನಗೆ ಹೇಳದೆ ಮಳವಳ್ಳಿಗೆ ಬಂದು, ಒಬ್ಬಳೇ ಆ ಅಂಗಡಿಗೆ ಹೋಗಿ, ಮುಡಿಪನ್ನು ಗಾಜಿನ ಮೇಲಿಟ್ಟೆ. ಇದರೊಳಗೆ ಅದೇ ಶಿಲುಬೆ ಇದೆ, ತೊಳೆದು ಹೊಳಪು ಕೊಟ್ಟು, ಹೊಸದಾಗಿ ಮಾಡಿದ್ದು ಅಂತ ಅವರಿಗೆ ಕೊಟ್ಟುಬಿಡಿ ಅಂದೆ. ಎಷ್ಟು ಸುಲಭ ನೋಡು. ನಿನ್ನದು ನಿನಗೆ ಸೇರುತ್ತಿತ್ತು, ನಾನು ಅಕ್ಕನಾಗಿಯೇ ಸಾಯಬಹುದಿತ್ತು.

ಅವನು ಕತ್ತರಿ ತೆಗೆದ. ಹೊರಗಿನ ಬಟ್ಟೆ ನೀನು ಕಟ್ಟಿದ್ದು. ಆಗ ಮೊದಲ ಸಲ ಕಣ್ಣಿಗೆ ಬಿತ್ತು — ಅದರ ಅಂಚನ್ನು ಮಡಿಸಿ, ನೂಲು ಬಿಡದಿರಲಿ ಎಂದು ನೀನು ನಾಲ್ಕೂ ಕಡೆ ಸಣ್ಣ ಸಣ್ಣ ಹೊಲಿಗೆ ಹಾಕಿದ್ದೆ. ನಾನು ಬೈದ ದಿನ. ನಿನ್ನದಲ್ಲದ ದೇವರಿಗೆ, ನಿನ್ನನ್ನು ಬೈದವಳ ಹರಕೆಗೆ, ಕೂತು ಹೊಲಿದಿದ್ದೆ.

ಅವನ ಕೈಯಿಂದ ಕಿತ್ತುಕೊಂಡೆ. ನಾನು ಏನು ಮಾಡಲು ಹೊರಟಿದ್ದೆ ಎಂಬುದು ಆಗ ತಿಳಿಯಿತು. ನೀನು ನಿಜವಾದದ್ದನ್ನು ಮಗಳ ಕೊರಳಿಗೆ ಹಾಕಿ, ಇದು ಅಜ್ಜಿಯದ್ದರ ಹಾಗೇ ಇದೆ ಕಣೆ, ಆದರೆ ಅದು ಇನ್ನೂ ಚೆನ್ನಾಗಿತ್ತು ಅನ್ನುತ್ತಿದ್ದೆ. ಅಮ್ಮನ ಮೈ ಸವೆಸಿದ ಚಿನ್ನವನ್ನು ಕೈಯಲ್ಲಿ ಹಿಡಿದೂ ಅದು ಅವಳದೆಂದು ನಿನಗೆ ತಿಳಿಯುತ್ತಿರಲಿಲ್ಲ. ಮೊದಲ ಸಲ ವಸ್ತುವನ್ನು ಕದ್ದಿದ್ದೆ. ಈ ಸಲ ಗುರುತನ್ನೇ ಕದಿಯುತ್ತಿದ್ದೆ.

ಹಾಗಾದ್ರೆ ಬೊಟ್ಟು ಕರಗ್ಸೋದಾ ಬೇಡ್ವಾ ಎಂದು ಅವನು ಕೇಳಿದ. ಬೇಡ, ಹಾಗೇ ಇಟ್ಟಿರಿ ಅಂದೆ. ಮೇಡಂ ಕೇಳಿದರೆ ಏನು ಹೇಳಲಿ ಅಂದ. ನಾನೇ ಹೇಳುತ್ತೇನೆ ಅಂದೆ. ಅಲ್ಲಿಂದ ಅಷ್ಟು ದೂರದಲ್ಲೇ ನಿನ್ನ ಮನೆ. ಬೀದಿಯ ತಿರುವಿನ ತನಕ ಬಂದೆ. ನಿನ್ನ ಗೇಟಿನ ಮುಂದೆ ಮಕ್ಕಳು ಟೀಚರ್ ಟೀಚರ್ ಎಂದು ಕೂಗುತ್ತಿದ್ದರು. ಹಿಂತಿರುಗಿ ಬಸ್ಸು ಹತ್ತಿದೆ. ಇದನ್ನೂ ತಿಳಿದುಕೋ — ನಿನ್ನೆಯೂ ಓಡಿಹೋದೆ.

ನಾಳೆ ಬೆಳಗ್ಗೆ ಬರುತ್ತೇನೆ. ಈ ಬರಹವನ್ನು ಬಾಗಿಲ ಸಂದಿಯಲ್ಲಿ ತುರುಕಿ ಹೋಗುವುದಿಲ್ಲ. ಸುಳ್ಳನ್ನು ನಿನ್ನ ಮುಖ ನೋಡಿ ಹೇಳಿದವಳು ನಿಜವನ್ನೂ ಮುಖ ನೋಡಿಯೇ ಹೇಳಬೇಕು. ನಾಲಿಗೆ ನಿಂತುಹೋದರೆ ಓದಿ ಹೇಳಲಿಕ್ಕೆ ಇಷ್ಟು ಬರೆದುಕೊಂಡೆ. ಬೊಟ್ಟು ಅಂಗಡಿಯಲ್ಲಿದೆ, ಅದು ನಮ್ಮವ್ವನದು, ಬೇಕಾದರೆ ಇಟ್ಟುಕೋ, ಬೇಡವಾದರೆ ಹೊಳೆಗೆ ಹಾಕು. ಕೊಪ್ಪಕ್ಕೂ ಹೋಗುತ್ತೇನೆ. ಚಿಕ್ಕತ್ತೆಗೆ ಕಿವಿ ಮಂದವಾಗಿದೆ, ಬೀದಿಗೆಲ್ಲ ಕೇಳುವ ಹಾಗೆ ಕೂಗಿಯೇ ಹೇಳಬೇಕಾಗುತ್ತದೆ. ಹೇಳುತ್ತೇನೆ. ನೀನು ಕಳೆದುಕೊಂಡ ವರ್ಷಗಳು ಅದರಿಂದ ಬರುವುದಿಲ್ಲ ಎಂದು ಗೊತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ — ಹೆಸರು ಕೊಟ್ಟ ಹಾಗೆ, ಎಲ್ಲ ಕೊಟ್ಟ ಹಾಗೆ. ಇನ್ನು ನಿನ್ನಿಂದ ಏನನ್ನೂ ಈಸಿಕೊಳ್ಳಲಾರೆ.

ನನ್ನನ್ನು ಒಳಗೆ ಕರೆಯಬೇಡ. ಹೊಸ್ತಿಲಾಚೆ ನಿಂತೇ ಹೇಳುತ್ತೇನೆ. ಕೇಳಿದ ಮೇಲೆ ನೀನು ಬಾಗಿಲು ಹಾಕಿಕೊಂಡರೆ ಹಾಕಿಕೋ, ರೀಟಾ. ಗಂಟನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಂಡು, ಆಮೇಲೆ ಹಾಕು.